ಗೇರಿಗೆ ಗೊತ್ತಿರುವುದು ಅಳತೆ ಮಾತ್ರ

ಗೇರ್ ಸೈಕಲ್ಲಿನ ಒಂದು ಭಾಗ ಕೆಟ್ಟರೆ ಇಡೀ ಸೆಟ್ ಬದಲಿಸಬೇಕೆಂಬ ಮಾತು ಎಷ್ಟರಮಟ್ಟಿಗೆ ನಿಜ? ಕೇಬಲ್ಲಿನ ಎಳೆತ, ಹಲ್ಲುಚಕ್ರಗಳ ಅಂತರ, ಚೈನಿನ ಅಗಲ, ಹಬ್ಬಿನ ಆಕಾರ: ಇಷ್ಟು ತಿಳಿದರೆ ಉತ್ತರ ಸಿಗುತ್ತದೆ. ಆ ಅಂಕಿಗಳೇ ಕೊಳ್ಳುವವರ ಕೈಗೆ ಸಿಗುತ್ತಿಲ್ಲ.

ಗೇರ್ ಸೈಕಲ್ ಕೊಂಡವರಲ್ಲಿ ಬಹಳ ಮಂದಿ ಕೆಲವು ವರ್ಷಗಳಲ್ಲೇ ಈ ಮಾತನ್ನು ಕೇಳಬೇಕಾಗುತ್ತದೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಏಟು ತಿಂದು ಬಾಗಿರುತ್ತದೆ, ಇಲ್ಲವೇ ಹ್ಯಾಂಡಲ್ಲಿನ ಶಿಫ್ಟರ್ ಕಚ್ಚುವುದನ್ನು ಬಿಟ್ಟಿರುತ್ತದೆ. ಅದೊಂದನ್ನು ಬದಲಿಸಿಕೊಡಿ ಎಂದರೆ, ‘ಈ ಮಾಡೆಲ್ ಈಗ ಬರ್ತಿಲ್ಲ, ಬೇರೆಯದು ಮ್ಯಾಚ್ ಆಗಲ್ಲ, ಫುಲ್ ಸೆಟ್ಟೇ ಹಾಕಿಸಿಬಿಡಿ’ ಎಂಬ ಉತ್ತರ ಬರುತ್ತದೆ. ಒಂದು ಡಿರೇಲರಿಗೆ ಕೊಡಬೇಕಾಗಿದ್ದ ಹಣದ ಜಾಗದಲ್ಲಿ ಡಿರೇಲರ್, ಶಿಫ್ಟರ್, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು), ಚೈನು ಎಲ್ಲದರ ಬಿಲ್ಲು ಎದುರಿಗೆ ಬರುತ್ತದೆ. ಚೆನ್ನಾಗಿಯೇ ಇದ್ದ ಮೂರು ಭಾಗಗಳು ಗುಜರಿಗೆ ಹೋಗುತ್ತವೆ. ಈ ಉತ್ತರ ಕೆಲವೊಮ್ಮೆ ಸರಿ. ಬಹಳಷ್ಟು ಸಲ ಸರಿಯಲ್ಲ. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಎಂದು ಇದರ ಅರ್ಥ ಮಾಡಿಕೊಳ್ಳಬಾರದು. ಯಾವುದು ಯಾವುದರ ಜೊತೆ ಹೊಂದುತ್ತದೆ ಎಂದು ತೀರ್ಮಾನಿಸಲು ಬೇಕಾದ ಅಂಕಿಗಳನ್ನು ತಯಾರಕರು ಪೆಟ್ಟಿಗೆಯ ಮೇಲೆ ಬರೆಯುವುದೇ ಇಲ್ಲ. ಅಲ್ಲಿರುವುದು ಬ್ರ್ಯಾಂಡಿನ ಹೆಸರು, ಸರಣಿಯ ಹೆಸರು ಮತ್ತು ‘9 ಸ್ಪೀಡ್’, ‘10 ಸ್ಪೀಡ್’ ಎಂಬ ಸಂಖ್ಯೆ. ಹೊಂದಾಣಿಕೆಯ ಪ್ರಶ್ನೆಗೆ ಈ ಮೂರೂ ಪೂರ್ತಿ ಉತ್ತರ ಕೊಡಲಾರವು. ಉತ್ತರ ಇರುವುದು ಮಿಲಿಮೀಟರುಗಳಲ್ಲಿ. ಆ ಅಳತೆಗಳು ಸೈಕಲ್ ಕೊಂಡವರಿಗೂ ರಿಪೇರಿ ಮಾಡುವವರಿಗೂ ಮುಕ್ತವಾಗಿ ಸಿಗಬೇಕು ಎಂಬುದು ಈ ಲೇಖನದ ವಾದ.

ಅರ್ಧ ಇಂಚಿನ ಒಪ್ಪಂದ

ಭಾಗಗಳು ಒಂದಕ್ಕೊಂದು ಹೊಂದುವುದು ಸೈಕಲ್ ಲೋಕಕ್ಕೆ ಹೊಸ ಕನಸೇನಲ್ಲ. ನಮ್ಮ ಊರುಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗ್ಯಾಸ್ ಸಿಲಿಂಡರು ಹೊತ್ತ ಕಪ್ಪು ಸೈಕಲ್ಲು ಅದರ ಜೀವಂತ ಸಾಕ್ಷಿ. ಹೀರೊ ಇರಲಿ, ಅಟ್ಲಾಸ್ ಇರಲಿ, ಏವನ್ ಇರಲಿ, ಹರ್ಕ್ಯುಲಿಸ್ ಇರಲಿ, ಒಂದರ ಫ್ರೀವೀಲ್ ಇನ್ನೊಂದರ ಹಬ್ಬಿಗೆ ಕೂರುತ್ತದೆ, ಒಂದರ ಚೈನು ಇನ್ನೊಂದರ ಚೈನ್‌ವೀಲಿನ ಮೇಲೆ ಓಡುತ್ತದೆ. ಇದರ ಹಿಂದೆ ಶತಮಾನಕ್ಕೂ ಹಳೆಯದಾದ ಒಪ್ಪಂದವಿದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆ ಕಟ್ಟಿದ ಹ್ಯಾನ್ಸ್ ರೆನೊಲ್ಡ್ 1880ರಲ್ಲಿ ಬುಷ್ ರೋಲರ್ ಚೈನನ್ನು ರೂಪಿಸಿದರು. ಮುಂದೆ ಸೈಕಲ್ಲಿಗೆ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅಂತರವಿರುವ ಚೈನು ರೂಢಿಯಾಯಿತು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ 1861ರಲ್ಲಿ ಹುಟ್ಟಿದ್ದು ಬಂದೂಕು ತಯಾರಿಸಲು. ಯಾವ ಬಂದೂಕಿನ ಭಾಗವಾದರೂ ಅದೇ ಮಾದರಿಯ ಇನ್ನೊಂದಕ್ಕೆ ಕೂರಬೇಕೆಂಬ ಶಿಸ್ತನ್ನು ಅದು ಸೈಕಲ್ ಭಾಗಗಳಿಗೂ ತಂದಿತು. ಫ್ರೀವೀಲ್ ಮತ್ತು ಬಾಟಮ್ ಬ್ರಾಕೆಟ್ಟಿಗೆ 1.37 ಇಂಚು ವ್ಯಾಸ, ಇಂಚಿಗೆ 24 ಥ್ರೆಡ್. ಪೆಡಲಿಗೆ 9/16 ಇಂಚು, ಇಂಚಿಗೆ 20 ಥ್ರೆಡ್. ಎಡ ಪೆಡಲಿಗೆ ಎಡಕ್ಕೆ ತಿರುಗುವ ಥ್ರೆಡ್. ಬ್ರಿಟಿಷ್ ಕಾಲದ ಈ ಅಳತೆಗಳನ್ನೇ ಲೂಧಿಯಾನದ ಮತ್ತು ಮದ್ರಾಸಿನ ಕಾರ್ಖಾನೆಗಳು ಮುಂದುವರಿಸಿದವು.

ಇದರ ಫಲ ಬೆಲೆಯಲ್ಲಿ ಮಾತ್ರವಲ್ಲ, ಸೈಕಲ್ಲಿನ ಆಯುಷ್ಯದಲ್ಲೂ ಕಾಣಿಸುತ್ತದೆ. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಆ ಸೈಕಲ್ಲುಗಳನ್ನು ಸುಸ್ಥಿತಿಯಲ್ಲಿಡಲು ಕಂಪನಿಯ ಸರ್ವಿಸ್ ಸೆಂಟರ್ ಬೇಕಾಗಲಿಲ್ಲ. ಹೋಬಳಿ ಮಟ್ಟದ ಸೈಕಲ್ ಶಾಪಿನಲ್ಲಿ ಸಿಗುವ ಚೈನು, ಫ್ರೀವೀಲ್, ಪೆಡಲು ಸಾಕಾಗುತ್ತಿತ್ತು. ಹಾಗೆಂದು ಈ ಒಪ್ಪಂದ ತಾನಾಗಿಯೇ ಮೂಡಿತೆಂದು ಭಾವಿಸಬಾರದು. ಫ್ರಾನ್ಸಿನವರು ಬಾಟಮ್ ಬ್ರಾಕೆಟ್ಟಿಗೆ 35 ಮಿ.ಮೀ. ವ್ಯಾಸ ಮತ್ತು 1 ಮಿ.ಮೀ. ಥ್ರೆಡ್ ಇಟ್ಟುಕೊಂಡಿದ್ದರು, ಇಟಲಿಯವರು 36 ಮಿ.ಮೀ. ಇಟ್ಟುಕೊಂಡಿದ್ದರು. ಇಂಗ್ಲಿಷ್ ಅಳತೆ ಮಿಲಿಮೀಟರಿನಲ್ಲಿ 34.8. ಫ್ರೆಂಚ್ ಅಳತೆಗೂ ಅದಕ್ಕೂ ಇರುವ ವ್ಯತ್ಯಾಸ ಕೇವಲ 0.2 ಮಿ.ಮೀ.; ಆದರೂ ಒಂದು ಇನ್ನೊಂದರೊಳಗೆ ಹೋಗುವುದಿಲ್ಲ. ಫ್ರೆಂಚ್ ಥ್ರೆಡ್ಡಿನ ಹಳೆಯ ಸೈಕಲ್ ಇಟ್ಟುಕೊಂಡವರು ಇಂದು ಒಂದು ಬೇರಿಂಗ್ ಕಪ್ಪಿಗಾಗಿ ಹುಡುಕಾಡುತ್ತಾರೆ. ಆ ಸೈಕಲ್ಲುಗಳು ಗುಣದಲ್ಲಿ ಕಳಪೆಯಾಗಿರಲಿಲ್ಲ. ಅವುಗಳ ಅಳತೆಯ ಭಾಗ ತಯಾರಿಸುವವರು ಇಲ್ಲವಾದರು, ಅಷ್ಟೆ. ಹೊಂದಾಣಿಕೆ ಮನುಷ್ಯರು ಕೂತು ಮಾಡಿಕೊಳ್ಳುವ ಒಪ್ಪಂದ, ಅದನ್ನು ಕಾಯದಿದ್ದರೆ ಗಟ್ಟಿಮುಟ್ಟಾದ ಯಂತ್ರವೂ ಅನಾಥವಾಗುತ್ತದೆ ಎಂಬುದಕ್ಕೆ ಇದು ಮೊದಲ ಪುರಾವೆ.

ಕ್ಲಿಕ್ ಬಂದ ಮೇಲೆ

ಗೇರ್ ಸೈಕಲ್ಲುಗಳಲ್ಲೂ ಬಹುಕಾಲ ಹೊಂದಾಣಿಕೆ ದೊಡ್ಡ ಸಮಸ್ಯೆಯಾಗಿರಲಿಲ್ಲ. 1980ರ ದಶಕದ ಮೊದಲ ವರ್ಷಗಳವರೆಗೆ ಬಹುತೇಕ ಶಿಫ್ಟರುಗಳು ಘರ್ಷಣೆಯ ಬಲದಿಂದ ನಿಲ್ಲುವ ಸಾದಾ ಲಿವರುಗಳು. ಸವಾರ ಲಿವರನ್ನು ಮೆಲ್ಲಗೆ ಎಳೆದು, ಚೈನಿನ ಸದ್ದು ಕೇಳುತ್ತ, ಅದು ಸರಿಯಾದ ಹಲ್ಲುಚಕ್ರದ ಮೇಲೆ ಕೂತಾಗ ಕೈ ನಿಲ್ಲಿಸುತ್ತಿದ್ದ. ಅಂತರ ಅರ್ಧ ಮಿಲಿಮೀಟರು ಹೆಚ್ಚೋ ಕಡಿಮೆಯೋ ಇದ್ದರೆ ಬೆರಳೇ ಸರಿಪಡಿಸುತ್ತಿತ್ತು. ಹೀಗಾಗಿ ಇಟಲಿಯ ಕ್ಯಾಂಪನ್ಯೋಲೊ ಲಿವರು, ಜಪಾನಿನ ಸನ್‌ಟೂರ್ ಡಿರೇಲರು, ಫ್ರಾನ್ಸಿನ ಫ್ರೀವೀಲು ಒಂದೇ ಸೈಕಲ್ಲಿನಲ್ಲಿ ಸಂಸಾರ ಮಾಡಿದ್ದುಂಟು. 1984ರಲ್ಲಿ ಶಿಮಾನೊ ಕಂಪನಿ ತನ್ನ ಡ್ಯೂರಾ-ಏಸ್ ಸರಣಿಯಲ್ಲಿ ಎಸ್‌ಐಎಸ್ ಎಂಬ ಕ್ಲಿಕ್ ವ್ಯವಸ್ಥೆ ತಂದಿತು. ಸನ್‌ಟೂರ್ 1964ರಲ್ಲಿ ಪೇಟೆಂಟ್ ಪಡೆದಿದ್ದ ಓರೆ ಚತುರ್ಭುಜದ ಡಿರೇಲರ್ ವಿನ್ಯಾಸದ ಅವಧಿ ಮುಗಿದದ್ದೂ ಅದೇ ಹೊತ್ತಿಗೆ. ಹಲ್ಲುಚಕ್ರಗಳಿಗೆ ಸದಾ ಸಮೀಪದಲ್ಲೇ ಚಲಿಸುವ ಆ ವಿನ್ಯಾಸ ಮತ್ತು ಅಳೆದಿಟ್ಟ ಕ್ಲಿಕ್ ಒಂದಾದಾಗ ಗೇರ್ ಬದಲಿಸುವುದು ಯಾರಿಗಾದರೂ ಸಾಧ್ಯವಾಯಿತು. ಗೇರ್ ಸೈಕಲ್ ಹವ್ಯಾಸಿಗಳ ಕೈಯಿಂದ ಎಲ್ಲರ ಕೈಗೆ ಬಂದದ್ದು ಈ ಕ್ಲಿಕ್ಕಿನಿಂದ. ಅದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ.

ಆದರೆ ಕ್ಲಿಕ್ ಬಂದೊಡನೆ ಬೆರಳು ಮಾಡುತ್ತಿದ್ದ ತಿದ್ದುಪಡಿ ನಿಂತುಹೋಯಿತು, ಅದರ ಕೆಲಸವನ್ನು ಒಂದು ಗುಣಾಕಾರ ವಹಿಸಿಕೊಂಡಿತು. ಒಂದು ಕ್ಲಿಕ್ಕಿಗೆ ಶಿಫ್ಟರ್ ಎಷ್ಟು ಮಿ.ಮೀ. ಕೇಬಲ್ ಎಳೆಯುತ್ತದೆ, ಎಳೆದ ಪ್ರತಿ ಮಿ.ಮೀ. ಕೇಬಲ್ಲಿಗೆ ಡಿರೇಲರ್ ಎಷ್ಟು ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ, ಈ ಎರಡನ್ನು ಗುಣಿಸಿದರೆ ಬರುವ ಸಂಖ್ಯೆ ಹಲ್ಲುಚಕ್ರಗಳ ನಡುವಿನ ಅಂತರಕ್ಕೆ ಸಮನಾಗಿರಬೇಕು. ಶಿಮಾನೊ 8 ಸ್ಪೀಡಿನಲ್ಲಿ ಎಳೆತ ಸುಮಾರು 2.8 ಮಿ.ಮೀ., ಡಿರೇಲರಿನ ಅನುಪಾತ 1.7, ಗುಣಲಬ್ಧ 4.76. ಕ್ಯಾಸೆಟ್ಟಿನ ಅಂತರ 4.8. ಅದೇ ಕಂಪನಿಯ 9 ಸ್ಪೀಡಿನಲ್ಲಿ ಎಳೆತ 2.5, ಅನುಪಾತ ಅದೇ 1.7, ಅಂತರ ಸುಮಾರು 4.35. ರಸ್ತೆ ಸೈಕಲ್ಲಿನ ಹಳೆಯ 10 ಸ್ಪೀಡಿನಲ್ಲಿ ಎಳೆತ 2.3, ಅನುಪಾತ ಮತ್ತೆ 1.7, ಅಂತರ 3.95. ಗುಣಲಬ್ಧಕ್ಕೂ ಅಂತರಕ್ಕೂ ಕೂದಲೆಳೆಯ ವ್ಯತ್ಯಾಸವಿದ್ದರೂ ನಡೆಯುತ್ತದೆ, ಏಕೆಂದರೆ ಡಿರೇಲರಿನ ಮೇಲಿನ ಪುಟ್ಟ ಪುಲ್ಲಿಗೆ ಅಕ್ಕಪಕ್ಕ ಅಲುಗಲು ತುಸು ಜಾಗ ಬಿಟ್ಟಿರುತ್ತಾರೆ. ವ್ಯತ್ಯಾಸ ದೊಡ್ಡದಾದರೆ ಆ ಜಾಗ ಸಾಲದು. 8 ಸ್ಪೀಡ್ ಶಿಫ್ಟರನ್ನು 9 ಸ್ಪೀಡ್ ಕ್ಯಾಸೆಟ್ಟಿಗೆ ಹಾಕಿದರೆ ಪ್ರತಿ ಕ್ಲಿಕ್ಕಿಗೆ 0.45 ಮಿ.ಮೀ. ತಪ್ಪು. ನಾಲ್ಕು ಕ್ಲಿಕ್ ಆಗುವಷ್ಟರಲ್ಲಿ ತಪ್ಪು 1.8 ಮಿ.ಮೀ. ತಲುಪುತ್ತದೆ, ಅಂದರೆ ಒಂದು ಹಲ್ಲುಚಕ್ರದ ದಪ್ಪದಷ್ಟು. ಇದು ಹೊಂದುವುದಿಲ್ಲ ಎಂದರೆ ಹೊಂದುವುದಿಲ್ಲ. ಇಂಥ ಜೋಡಣೆಯನ್ನು ಒಲ್ಲೆ ಎನ್ನುವ ಮೆಕ್ಯಾನಿಕ್ ಸರಿಯಾಗಿಯೇ ಹೇಳುತ್ತಾನೆ, ಮತ್ತು ಏಕೆ ಒಲ್ಲೆ ಎಂಬುದನ್ನು ಲೆಕ್ಕದಲ್ಲಿ ತೋರಿಸಬಲ್ಲ.

ಸ್ಪೀಡ್ ಸಂಖ್ಯೆ ಹೇಳದ ಸತ್ಯ

ಇದೇ ಲೆಕ್ಕ ಇನ್ನೊಂದು ಬಾಗಿಲನ್ನೂ ತೆರೆಯುತ್ತದೆ. ಕ್ಯಾಸೆಟ್ಟಿನಲ್ಲಿ ಎಷ್ಟು ಹಲ್ಲುಚಕ್ರಗಳಿವೆ ಎಂಬುದು ಡಿರೇಲರಿಗೆ ಗೊತ್ತಿಲ್ಲ. ಕೇಬಲ್ ಎಳೆದಷ್ಟು ಅದು ಸರಿಯುತ್ತದೆ. 8, 9 ಮತ್ತು ಹಳೆಯ ರಸ್ತೆ 10 ಸ್ಪೀಡಿನ ಶಿಮಾನೊ ಡಿರೇಲರುಗಳು ಬಹುತೇಕ 1.7 ಅನುಪಾತದವು. ಆದ್ದರಿಂದ ಅವನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಧಾರಾಳವಾಗಿ ಬಳಸಬಹುದು. ಬೆಟ್ಟದ ದಾರಿಯಲ್ಲಿ ಸಾಮಾನು ಕಟ್ಟಿಕೊಂಡು ದೂರ ಹೋಗುವವರಿಗೆ ಇದರಿಂದ ಆಗುವ ಲಾಭ ನೋಡಿ. ಬಾಗಿದ ಹ್ಯಾಂಡಲ್ಲಿನ ರಸ್ತೆ ಸೈಕಲ್ಲಿನಲ್ಲಿ ಹಳೆಯ 10 ಸ್ಪೀಡ್ ಶಿಫ್ಟರ್ ಇದೆ, ಮುಂದೆ 50 ಮತ್ತು 34 ಹಲ್ಲಿನ ಚೈನ್‌ವೀಲುಗಳಿವೆ, ಹಿಂದೆ 11ರಿಂದ 28 ಹಲ್ಲಿನ ಕ್ಯಾಸೆಟ್ ಇದೆ ಎಂದಿಟ್ಟುಕೊಳ್ಳಿ. ಅತಿ ಹಗುರ ಗೇರಿನಲ್ಲಿ ಒಂದು ಸುತ್ತು ಪೆಡಲ್ ತುಳಿದರೆ ಸೈಕಲ್ ಸುಮಾರು 2.55 ಮೀಟರ್ ಮುಂದೆ ಹೋಗುತ್ತದೆ. ಹಿಂದಿನ ದೊಡ್ಡ ಹಲ್ಲುಚಕ್ರ 34ರದ್ದಾದರೆ ಅದು 2.1 ಮೀಟರಿಗೆ ಇಳಿಯುತ್ತದೆ. ನಿಮಿಷಕ್ಕೆ 60 ಸುತ್ತಿನ ಲಯ ಕಾಯ್ದುಕೊಳ್ಳಲು ಮೊದಲಿನ ಗೇರಿನಲ್ಲಿ ಗಂಟೆಗೆ 9 ಕಿ.ಮೀ.ಗೂ ಹೆಚ್ಚು ವೇಗ ಬೇಕಿತ್ತು, ಈಗ ಏಳೂವರೆ ಸಾಕು. ನಂದಿಬೆಟ್ಟದ ಕಡಿದಾದ ತಿರುವುಗಳಲ್ಲಿ, ಆಗುಂಬೆ ಅಥವಾ ಚಾರ್ಮಾಡಿ ಘಾಟಿಯಲ್ಲಿ, ಸೈಕಲ್ಲಿನಿಂದ ಇಳಿದು ನೂಕುವವರಿಗೂ ಕೂತೇ ಹತ್ತುವವರಿಗೂ ಇರುವ ಅಂತರ ಎಷ್ಟೋ ಸಲ ಇಷ್ಟೇ.

ಇದಕ್ಕೆ ಬೇಕಾದದ್ದು ಎರಡು ಅಂಕಿಗಳನ್ನು ಪರೀಕ್ಷಿಸುವುದು. ಡಿರೇಲರ್ ಹತ್ತಬಲ್ಲ ಅತಿ ದೊಡ್ಡ ಹಲ್ಲುಚಕ್ರ ಯಾವುದು ಎಂಬುದು ಒಂದು. ಅದು ಎಷ್ಟು ಸಡಿಲ ಚೈನನ್ನು ಬಿಗಿಹಿಡಿಯಬಲ್ಲದು ಎಂಬುದು ಇನ್ನೊಂದು. ಎರಡನೆಯದರ ಲೆಕ್ಕ ಸುಲಭ: ಮುಂದಿನ ಚೈನ್‌ವೀಲುಗಳ ಹಲ್ಲಿನ ವ್ಯತ್ಯಾಸಕ್ಕೆ ಹಿಂದಿನ ಹಲ್ಲುಚಕ್ರಗಳ ವ್ಯತ್ಯಾಸ ಕೂಡಿಸಬೇಕು. 11–28ರ ಕ್ಯಾಸೆಟ್ಟಿಗೆ 16 ಮತ್ತು 17 ಸೇರಿ 33. 11–34ಕ್ಕೆ 16 ಮತ್ತು 23 ಸೇರಿ 39. ಚೈನು ಬಿಗಿಹಿಡಿಯುವ ತೋಳು, ಅಂದರೆ ಕೇಜು, ಮೊಟಕಾಗಿರುವ ರಸ್ತೆ ಡಿರೇಲರ್ ಇದಕ್ಕೆ ಸಾಲದು. ಆಗ ಮೌಂಟನ್ ಸೈಕಲ್ಲಿನ ಉದ್ದ ಕೇಜಿನ ಡಿರೇಲರ್ ತರಬೇಕು. ಅಂಗಡಿಗೆ ಹೋದವರು ಸಹಜವಾಗಿ ‘10 ಸ್ಪೀಡ್ ಮೌಂಟನ್ ಡಿರೇಲರ್’ ಕೇಳುತ್ತಾರೆ, ಮತ್ತು ಅದು ಕೆಲಸ ಮಾಡುವುದಿಲ್ಲ. ಏಕೆಂದರೆ ಶಿಮಾನೊ ತನ್ನ ಮೌಂಟನ್ 10 ಸ್ಪೀಡಿಗೆ ಡೈನಾ-ಸಿಸ್ ಹೆಸರಿನಲ್ಲಿ ಅನುಪಾತವನ್ನು ಸುಮಾರು 1.2ಕ್ಕೆ ಇಳಿಸಿ, ಕೇಬಲ್ ಎಳೆತವನ್ನು 3.4 ಮಿ.ಮೀ.ಗೆ ಏರಿಸಿತ್ತು. ರಸ್ತೆ ಶಿಫ್ಟರಿನ 2.3 ಮಿ.ಮೀ. ಎಳೆತವನ್ನು 1.2ರಿಂದ ಗುಣಿಸಿದರೆ ಬರುವುದು ಸುಮಾರು 2.8, ಬೇಕಾದದ್ದು 3.95. ಅದರ ಬದಲು ‘9 ಸ್ಪೀಡ್’ ಎಂದು ಬರೆದಿರುವ ಹಳೆಯ ಮೌಂಟನ್ ಡಿರೇಲರ್ ತಂದು ಹಾಕಿದರೆ, ಅನುಪಾತ 1.7 ಇರುವುದರಿಂದ, ಹತ್ತೂ ಗೇರುಗಳು ಕ್ರಮವಾಗಿ ಬೀಳುತ್ತವೆ. ಸಂಖ್ಯೆ ಹೊಂದಿದ ಭಾಗ ಸೋಲುತ್ತದೆ, ಸಂಖ್ಯೆ ಹೊಂದದ ಭಾಗ ಗೆಲ್ಲುತ್ತದೆ. ಶಿಮಾನೊದ ರಸ್ತೆ ಸರಣಿ ಟಿಯಾಗ್ರಾದ 4700 ಮಾದರಿಯದೂ ಇಂಥದೇ ಕಥೆ. ಅದು ಹೆಸರಿಗೆ 10 ಸ್ಪೀಡ್. ಕೇಬಲ್ಲಿನ ಲೆಕ್ಕದಲ್ಲಿ 11 ಸ್ಪೀಡಿನ ಕುಟುಂಬಕ್ಕೆ ಸೇರಿದ್ದು. ಹಿಂದಿನ ಟಿಯಾಗ್ರಾದ ಶಿಫ್ಟರಿಗೆ ಅದರ ಡಿರೇಲರ್ ಹೊಂದದು. ಒಂದೇ ಕಂಪನಿ, ಒಂದೇ ಸರಣಿ, ಒಂದೇ ಸ್ಪೀಡ್ ಸಂಖ್ಯೆ. ಮೂರೂ ಒಂದೇ ಆಗಿದ್ದರೂ ಹೊಂದಾಣಿಕೆ ಇಲ್ಲ. ಪೆಟ್ಟಿಗೆಯ ಮೇಲಿನ ಬರಹವನ್ನು ನಂಬಿ ಕೊಂಡವರು ಇಲ್ಲಿ ಮಾಡಿದ ತಪ್ಪಾದರೂ ಏನು?

ಚೈನು, ಕ್ಯಾಸೆಟ್, ಹಬ್

ಉಳಿದ ಭಾಗಗಳಲ್ಲೂ ಅಳತೆಯದೇ ಆಡಳಿತ. ಚೈನಿನ ಅರ್ಧ ಇಂಚಿನ ಅಂತರ ಇಂದಿಗೂ ಬದಲಾಗಿಲ್ಲ. ಬದಲಾಗಿರುವುದು ಹೊರ ಅಗಲ. 8 ಸ್ಪೀಡ್ ಚೈನು ಪಿನ್ನಿನ ತುದಿಯಿಂದ ತುದಿಗೆ ಸುಮಾರು 7.1 ಮಿ.ಮೀ., 9ರದ್ದು 6.6, 10ರದ್ದು 5.9, 11ರದ್ದು 5.6ರ ಆಸುಪಾಸು. ಹಲ್ಲುಚಕ್ರಗಳು ಹತ್ತಿರವಾದಂತೆ ಚೈನು ತೆಳುವಾಗಲೇಬೇಕು, ಇಲ್ಲದಿದ್ದರೆ ಪಕ್ಕದ ಹಲ್ಲುಚಕ್ರಕ್ಕೆ ಉಜ್ಜುತ್ತದೆ. ಹೀಗಾಗಿ 8 ಸ್ಪೀಡ್ ಕ್ಯಾಸೆಟ್ಟಿನ ಮೇಲೆ 9 ಸ್ಪೀಡ್ ಚೈನು ಓಡುತ್ತದೆ, 9ರ ಮೇಲೆ 8ರದ್ದು ಓಡದು. ಕ್ಯಾಸೆಟ್ಟಿನ ಒಟ್ಟು ಅಗಲವನ್ನು ಲೆಕ್ಕ ಹಾಕಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. 8 ಸ್ಪೀಡಿನದು ಸುಮಾರು 35.4 ಮಿ.ಮೀ., 9ರದ್ದು 36.5, 10ರದ್ದು 37.2. ಹೆಚ್ಚುಕಡಿಮೆ ಒಂದೇ ಅಗಲ. ಆದ್ದರಿಂದಲೇ ಈ ಮೂರೂ ಒಂದೇ ಹಬ್ಬಿಗೆ ಕೂರುತ್ತವೆ. ರಸ್ತೆಯ 11 ಸ್ಪೀಡಿಗೆ ಕ್ಯಾಸೆಟ್ ಕೂರುವ ಹಬ್ಬಿನ ಭಾಗವನ್ನು 1.85 ಮಿ.ಮೀ. ಉದ್ದ ಮಾಡಿದರು. ಹೊಸ ಹಬ್ಬಿಗೆ ಹಳೆಯ 8 ಅಥವಾ 9 ಸ್ಪೀಡ್ ಕ್ಯಾಸೆಟ್ ಹಾಕಬೇಕೆಂದರೆ ಅಷ್ಟೇ ದಪ್ಪದ ಒಂದು ವಾಷರ್ ಸಾಕು. ಒಂದು ವಾಷರಿನಿಂದ ಬಗೆಹರಿಯುವುದನ್ನು ಗೊತ್ತಿಲ್ಲದೆ ಇಡೀ ಚಕ್ರವನ್ನೇ ಬದಲಿಸುವವರಿದ್ದಾರೆ. ಶಿಮಾನೊ ಮತ್ತು ಸ್ರಾಮ್ ಕಂಪನಿಗಳ 10 ಸ್ಪೀಡ್ ಕ್ಯಾಸೆಟ್ಟುಗಳ ಅಂತರ ಒಂದೇ. ಅವನ್ನು ಬೇಕೆಂದಂತೆ ಅದಲುಬದಲು ಮಾಡಬಹುದು, ಶಿಫ್ಟರ್ ಮತ್ತು ಡಿರೇಲರ್ ಮಾತ್ರ ಒಂದೇ ಲೆಕ್ಕದವಾಗಿರಬೇಕು.

ಇಲ್ಲಿ ಸವೆತದ ಮಾತನ್ನೂ ಹೇಳಬೇಕು, ಏಕೆಂದರೆ ಹೊಂದಾಣಿಕೆಯ ತಲೆಗೆ ಕಟ್ಟುವ ಎಷ್ಟೋ ತಪ್ಪುಗಳು ವಾಸ್ತವವಾಗಿ ಸವೆತದವು. ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಇಂಚು ಉದ್ದವಿರುತ್ತವೆ. ಅದು 12 ಇಂಚು ಮತ್ತು ಇಂಚಿನ 16ನೇ ಒಂದು ಭಾಗಕ್ಕೆ ಬಂದರೆ ಚೈನು ಅರ್ಧ ಶೇಕಡಾ ಉದ್ದವಾಗಿದೆ ಎಂದರ್ಥ, ಬದಲಿಸುವ ಕಾಲ ಸಮೀಪಿಸಿದೆ. 12 ಇಂಚು ಮತ್ತು ಇಂಚಿನ 8ನೇ ಒಂದು ಭಾಗಕ್ಕೆ ಬಂದರೆ ಹಲ್ಲುಗಳನ್ನೂ ಅದು ತಿಂದಿರುತ್ತದೆ. ಆಗ ಹೊಸ ಚೈನೊಂದನ್ನೇ ಹಾಕಿದರೆ ಹಳೆಯ ಹಲ್ಲುಗಳ ಮೇಲೆ ಅದು ಜಾರುತ್ತದೆ, ‘ಈ ಬ್ರ್ಯಾಂಡಿನ ಚೈನು ಇದಕ್ಕೆ ಆಗಿಬರಲ್ಲ’ ಎಂಬ ತೀರ್ಪು ಬೀಳುತ್ತದೆ. ಡಿರೇಲರ್ ತೂಗುವ ಹ್ಯಾಂಗರ್ ತುಸು ಬಾಗಿದ್ದರೂ, ಕರಾವಳಿಯ ಮಳೆಗಾಲದಲ್ಲಿ ಕೇಬಲ್ ತುಕ್ಕು ಹಿಡಿದು ಕವಚದೊಳಗೆ ಬಿಗಿಯಾದರೂ ಗೇರ್ ಸರಿಯಾಗಿ ಬೀಳುವುದಿಲ್ಲ. ಬೆರೆಸಿದ ಭಾಗಗಳನ್ನು ದೂರುವ ಮೊದಲು ಇವನ್ನು ನೋಡಬೇಕು. ಚೈನಿನ ಸವೆತ ಅಳೆಯಲು ಶಾಲೆಯ ಮಕ್ಕಳ ಬಳಿ ಇರುವ ಇಂಚಿನ ಸ್ಕೇಲೇ ಸಾಕು.

ಆಕ್ಷೇಪಗಳು

ಈ ವಾದಕ್ಕೆ ಬರಬಹುದಾದ ಮೊದಲ ಮತ್ತು ಗಟ್ಟಿಯಾದ ಆಕ್ಷೇಪ ಎಂಜಿನಿಯರುಗಳದ್ದು. ಎಲ್ಲ ಭಾಗಗಳನ್ನು ಒಟ್ಟಿಗೆ ವಿನ್ಯಾಸ ಮಾಡಿದರೆ ಮಾತ್ರ ಒಳ್ಳೆಯ ಕೆಲಸ ಸಾಧ್ಯ ಎಂದು ಅವರು ಹೇಳುತ್ತಾರೆ. ಇದರಲ್ಲಿ ಸತ್ಯವಿದೆ. 1.7 ಅನುಪಾತದ ಡಿರೇಲರಿನಲ್ಲಿ ಕೊಳೆಯಿಂದಲೋ ಬಿಗಿತದಿಂದಲೋ ಕೇಬಲ್ 0.2 ಮಿ.ಮೀ. ಹಿಂದುಳಿದರೆ ಡಿರೇಲರ್ 0.34 ಮಿ.ಮೀ. ತಪ್ಪುತ್ತದೆ, 1.2 ಅನುಪಾತದಲ್ಲಿ ತಪ್ಪು 0.24 ಮಾತ್ರ. ಕೆಸರಿನಲ್ಲಿ ಓಡುವ ಮೌಂಟನ್ ಸೈಕಲ್ಲಿಗೆ ಅನುಪಾತ ಇಳಿಸಿದ್ದಕ್ಕೆ ಹೀಗೆ ಸಮರ್ಥನೆ ಇದೆ. 1989ರ ಹೈಪರ್‌ಗ್ಲೈಡಿನಿಂದ ಹಿಡಿದು ಹಲ್ಲುಗಳ ಬದಿಯಲ್ಲಿ ಕೆತ್ತಿದ ಇಳಿಜಾರುಗಳು ಚೈನನ್ನು ನಯವಾಗಿ ದಾಟಿಸುತ್ತವೆ. ಬೇರೆ ಕಂಪನಿಯ ಚೈನು ಹಾಕಿದರೆ ಆ ನಯದಲ್ಲಿ ಸ್ವಲ್ಪ ಕಡಿಮೆಯಾಗಬಹುದು. ಆದರೆ ಇವು ಅಳತೆಯನ್ನು ಬದಲಿಸಲು ಕಾರಣಗಳಾಗಬಲ್ಲವು, ಬದಲಿಸಿದ ಅಳತೆಯನ್ನು ಮುಚ್ಚಿಡಲು ಕಾರಣಗಳಾಗಲಾರವು. ‘ಕೆಲಸ ಮಾಡುವುದಿಲ್ಲ’, ‘ಕೆಲಸ ಮಾಡುತ್ತದೆ, ಅಷ್ಟು ನಯವಾಗಿರದು’, ‘ನಾವು ಪರೀಕ್ಷಿಸಿಲ್ಲ’ ಎಂಬ ಮೂರು ಬೇರೆ ಬೇರೆ ಮಾತುಗಳನ್ನು ಒಂದೇ ‘ಹೊಂದುವುದಿಲ್ಲ’ದಲ್ಲಿ ಸುತ್ತಿಬಿಟ್ಟರೆ ನಷ್ಟ ಗಿರಾಕಿಯದು. ರೇಸಿಗೆ ಹೋಗುವವರಿಗೆ ನಯ ಮುಖ್ಯವಾದೀತು. ದಿನವೂ ಫ್ಯಾಕ್ಟರಿಗೆ, ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗುವವರಿಗೆ ಸೈಕಲ್ ಓಡುವುದು ಮುಖ್ಯ. ಆ ಆಯ್ಕೆ ಅವರದೇ ಆಗಿರಬೇಕು.

ಎರಡನೆಯದು ಹೊಸತನದ ವಾದ: ಹಳೆಯದಕ್ಕೆ ಕಟ್ಟುಬಿದ್ದರೆ ಮುಂದೆ ಹೋಗುವುದು ಹೇಗೆ? ಹಳೆಯ ಹಬ್ಬಿನ ಮೇಲೆ 11 ಹಲ್ಲಿಗಿಂತ ಚಿಕ್ಕ ಹಲ್ಲುಚಕ್ರ ಕೂರಿಸಲು ಜಾಗವಿರಲಿಲ್ಲ. 10 ಹಲ್ಲಿನದು ಬೇಕೆಂದಾಗ ಹೊಸ ಆಕಾರ ಅನಿವಾರ್ಯವಾಯಿತು. ಇದನ್ನು ಒಪ್ಪೋಣ. ಆದರೆ ಅದೇ ಸಮಸ್ಯೆಗೆ ಸ್ರಾಮ್ 2012ರಲ್ಲಿ ಎಕ್ಸ್‌ಡಿ ಎಂಬ ಆಕಾರ ಕೊಟ್ಟಿತು, 2018ರಲ್ಲಿ ಶಿಮಾನೊ ಮೈಕ್ರೊ ಸ್ಪ್ಲೈನ್ ಎಂಬ ಇನ್ನೊಂದನ್ನು ಕೊಟ್ಟಿತು. 10 ಹಲ್ಲಿನ ಚಕ್ರಕ್ಕೆ ಹೊಸ ಆಕಾರ ಬೇಕಿತ್ತು ಎಂಬುದು ಲೋಹದ ಲೆಕ್ಕ. ಎರಡು ಆಕಾರಗಳು ಬೇಕಿದ್ದವು ಎಂಬುದು ಮಾರುಕಟ್ಟೆಯ ಲೆಕ್ಕ. ಮಾರುಕಟ್ಟೆಯ ಲೆಕ್ಕ ಎಷ್ಟು ಹಳೆಯದು ಎಂಬುದಕ್ಕೆ 1990ರ ಮೊಕದ್ದಮೆಯೊಂದನ್ನು ನೆನೆಯಬಹುದು. ಅದಕ್ಕೆ ಮೂರು ವರ್ಷ ಮೊದಲಷ್ಟೇ ಶಿಕಾಗೊದಲ್ಲಿ ಹುಟ್ಟಿದ್ದ ಸ್ರಾಮ್, ಪೂರ್ತಿ ಸೆಟ್ಟನ್ನು ತನ್ನಿಂದಲೇ ಕೊಳ್ಳುವ ಸೈಕಲ್ ತಯಾರಕರಿಗೆ ಶಿಮಾನೊ ರಿಯಾಯಿತಿ ಕೊಟ್ಟು ಬೇರೆಯವರ ಶಿಫ್ಟರಿಗೆ ಜಾಗವಿಲ್ಲದಂತೆ ಮಾಡುತ್ತಿದೆ ಎಂದು ಆರೋಪಿಸಿ ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. 1991ರಲ್ಲಿ ಎರಡೂ ಕಂಪನಿಗಳು ನ್ಯಾಯಾಲಯದ ಹೊರಗೆ ರಾಜಿ ಮಾಡಿಕೊಂಡವು. ಆರೋಪದ ಮೇಲೆ ತೀರ್ಪು ಬರಲಿಲ್ಲ. ಆದರೂ ‘ಸೆಟ್’ ಎಂಬ ಕಲ್ಪನೆಯ ಹಿಂದೆ ವ್ಯಾಪಾರದ ಪೈಪೋಟಿಯೂ ಇದೆ ಎಂಬುದು ಆ ಪ್ರಕರಣದಿಂದ ಬಯಲಾಯಿತು.

ಹೊಸತನ ಮತ್ತು ಹೊಂದಾಣಿಕೆ ಒಟ್ಟಿಗೆ ಹೋಗಲಾರವು ಎಂಬ ಮಾತಿಗೆ ಅತ್ಯುತ್ತಮ ಉತ್ತರ ಕೊಟ್ಟಿರುವುದು ಶಿಮಾನೊ ಕಂಪನಿಯೇ. 2023ರಲ್ಲಿ ಅದು ಕ್ಯೂಸ್ ಎಂಬ ಹೆಸರಿನಲ್ಲಿ ಆಲ್ಟಸ್, ಅಸೆರಾ, ಅಲಿವಿಯೊ ಮುಂತಾದ ಸರಣಿಗಳನ್ನು ಒಟ್ಟುಗೂಡಿಸಿತು. ಇದರಲ್ಲಿ 9, 10, 11 ಸ್ಪೀಡ್ ಮೂರಕ್ಕೂ ಹಲ್ಲುಚಕ್ರಗಳ ಅಂತರ ಒಂದೇ, ಕೇಬಲ್ಲಿನ ಲೆಕ್ಕ ಒಂದೇ, ಚೈನೂ ಒಂದೇ. ಲಿಂಕ್‌ಗ್ಲೈಡ್ ಎಂಬ ಅದರ ದಪ್ಪ ಹಲ್ಲಿನ ಕ್ಯಾಸೆಟ್ ಬಾಳಿಕೆಗೆ ಒತ್ತು ಕೊಟ್ಟು ಮಾಡಿದ್ದು, ಮತ್ತು ಅದು ಹಳೆಯ ಮಾದರಿಯ ಹಬ್ಬಿಗೇ ಕೂರುತ್ತದೆ. ಹಿಂದಿನ ಹೈಪರ್‌ಗ್ಲೈಡ್ ಶಿಫ್ಟರುಗಳ ಜೊತೆ ಅದು ಬೆರೆಯದು ಎಂಬ ಕೊರತೆ ಉಳಿದಿದೆ. ಆದರೆ ಸ್ಪೀಡ್ ಸಂಖ್ಯೆಗೊಂದರಂತೆ ಅಳತೆ ಬದಲಿಸುವುದು ಅನಿವಾರ್ಯವಲ್ಲ ಎಂದು ಕಂಪನಿಯೇ ಕೃತಿಯಲ್ಲಿ ತೋರಿಸಿದಂತಾಯಿತು. ಎಲೆಕ್ಟ್ರಾನಿಕ್ ಶಿಫ್ಟಿಂಗಿನಲ್ಲಿ ಈ ಸಾಧ್ಯತೆ ಇನ್ನೂ ದೊಡ್ಡದು. 2009ರಲ್ಲಿ ಡ್ಯೂರಾ-ಏಸ್ ಡಿಐ2 ಬಂದ ಮೇಲೆ ಡಿರೇಲರನ್ನು ಮೋಟರು ನಡೆಸುತ್ತದೆ, ಎಷ್ಟು ಸರಿಯಬೇಕೆಂಬುದನ್ನು ತಂತ್ರಾಂಶ ಹೇಳುತ್ತದೆ. ಅಂತರ ಬದಲಿಸಲು ಲೋಹ ಕಡಿಯಬೇಕಾಗಿಲ್ಲ, ಅಂಕಿ ಬದಲಿಸಿದರೆ ಆಯಿತು. ತಾಂತ್ರಿಕ ತಡೆ ಇಷ್ಟು ತೆಳುವಾದ ಮೇಲೂ ಒಂದು ಕಂಪನಿಯ ಶಿಫ್ಟರ್ ಇನ್ನೊಂದರ ಡಿರೇಲರಿನೊಂದಿಗೆ ಮಾತಾಡುವುದಿಲ್ಲ ಎಂದರೆ, ಅಲ್ಲಿರುವ ತಡೆ ಬೇರೆ ಬಗೆಯದು.

ಮೂರನೆಯ ಆಕ್ಷೇಪ ಸುರಕ್ಷತೆಯದು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಾಮರ್ಥ್ಯ ಮೀರಿದ ಕ್ಯಾಸೆಟ್ ಹಾಕಿ, ಚೈನನ್ನು ಗಿಡ್ಡ ಕತ್ತರಿಸಿ, ಮುಂದಿನ ದೊಡ್ಡ ಚೈನ್‌ವೀಲಿನ ಜೊತೆ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನು ಏರಿದರೆ ಡಿರೇಲರ್ ಕಿತ್ತುಬರಬಹುದು. ಒಳಮಿತಿಯ ಸ್ಕ್ರೂ ಸರಿಯಿಲ್ಲದಿದ್ದರೆ ಅದು ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಚೈನಿನ ಜೋಡುಕೊಂಡಿ ಅದೇ ಅಗಲದ ಚೈನಿನದಾಗಿರಲೇಬೇಕು, ಇಲ್ಲದಿದ್ದರೆ ನಿಂತು ತುಳಿಯುವಾಗ ತುಂಡಾಗಿ ಸವಾರ ಬೀಳುತ್ತಾನೆ. ಬ್ರೇಕಿನಲ್ಲಂತೂ ಬೆರಕೆಯ ಪ್ರಯೋಗವೇ ಬೇಡ: ಶಿಮಾನೊ ಹೈಡ್ರಾಲಿಕ್ ಬ್ರೇಕುಗಳು ಮಿನರಲ್ ಆಯಿಲ್ ಬಳಸುತ್ತವೆ, ಸ್ರಾಮ್ ಕಂಪನಿಯ ಹಲವು ಬ್ರೇಕುಗಳು ಡಾಟ್ ದ್ರವ ಬಳಸುತ್ತವೆ, ಒಂದರಲ್ಲಿ ಇನ್ನೊಂದನ್ನು ತುಂಬಿದರೆ ಒಳಗಿನ ಸೀಲುಗಳು ಹಾಳಾಗಿ ಬ್ರೇಕ್ ಕೈಕೊಡುತ್ತದೆ. ಆದರೆ ಈ ಅಪಾಯಗಳೆಲ್ಲ ಹುಟ್ಟುವುದು ಮಿತಿ ಗೊತ್ತಿಲ್ಲದೆ ಬೆರೆಸಿದಾಗ. ಹಣದ ಅಡಚಣೆಯಿರುವಾಗ, ಭಾಗ ಸಿಗದಿರುವಾಗ, ಜನ ಬೆರೆಸುವುದಂತೂ ನಿಲ್ಲುವುದಿಲ್ಲ. ಅಂಕಿಗಳನ್ನು ಮರೆಮಾಡಿದರೆ ಬೆರಕೆ ಕಡಿಮೆಯಾಗದು, ಕುರುಡು ಬೆರಕೆ ಹೆಚ್ಚಾಗುತ್ತದೆ. ಸುರಕ್ಷತೆಯ ಕಾಳಜಿ ಇರುವವರೇ ಅಳತೆಗಳನ್ನು ಮೊದಲು ಪ್ರಕಟಿಸಬೇಕು.

ಪೆಟ್ಟಿಗೆಯ ಮೇಲೆ ಅಂಕಿ ಬರಲಿ

ಇಂದು ನಮಗೆ ತಿಳಿದಿರುವ ಎಳೆತ ಮತ್ತು ಅನುಪಾತದ ಅಂಕಿಗಳಲ್ಲಿ ಹೆಚ್ಚಿನವು ಮೆಕ್ಯಾನಿಕರು ಮತ್ತು ಆಸಕ್ತರು ಕ್ಯಾಲಿಪರ್ ಹಿಡಿದು ಅಳೆದು ಹಂಚಿಕೊಂಡವು. ಅಮೆರಿಕದ ಮ್ಯಾಸಚೂಸೆಟ್ಸಿನ ಸೈಕಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಶೆಲ್ಡನ್ ಬ್ರೌನ್ (1944–2008) ಇಂಥ ಅಳತೆಗಳನ್ನು ಒಂದೆಡೆ ಸೇರಿಸಿ ಜಗತ್ತಿಗೆ ಉಚಿತವಾಗಿ ಕೊಟ್ಟರು. ಆ ವಿಧಾನ ಯಾರ ಕೈಗೂ ಎಟುಕುವಂಥದು. ಕ್ಯಾಸೆಟ್ಟಿನ ಮೊದಲ ಹಲ್ಲುಚಕ್ರದ ಹೊರಬದಿಯಿಂದ ಕೊನೆಯದರ ಹೊರಬದಿಯವರೆಗೆ ಅಳೆಯಬೇಕು, ಒಂದು ಹಲ್ಲುಚಕ್ರದ ದಪ್ಪ ಕಳೆಯಬೇಕು, ಉಳಿದದ್ದನ್ನು ಹಲ್ಲುಚಕ್ರಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಬೇಕು. ಶಿಫ್ಟರಿನಿಂದ ಹೊರಬಂದ ಕೇಬಲ್ಲಿಗೆ ಗುರುತು ಹಾಕಿ, ಎಲ್ಲ ಕ್ಲಿಕ್ ಒತ್ತಿ, ಗುರುತು ಸರಿದ ದೂರವನ್ನು ಕ್ಲಿಕ್ಕುಗಳಿಂದ ಭಾಗಿಸಿದರೆ ಸರಾಸರಿ ಎಳೆತ ಸಿಗುತ್ತದೆ. ಐಟಿಐಯಲ್ಲಿ ಫಿಟ್ಟರ್ ಕಲಿತವರಿಗೆ ಇದು ಮೊದಲ ವಾರದ ಪಾಠ. ಜಿಲ್ಲಾ ಕೇಂದ್ರಗಳ ಸೈಕಲ್ ಶಾಪುಗಳಲ್ಲಿ ಇಂಥ ಅಳತೆಗಳ ಒಂದು ಕನ್ನಡ ಪಟ್ಟಿ ಗೋಡೆಯ ಮೇಲಿದ್ದರೆ ನೂರಾರು ಸೈಕಲ್ಲುಗಳು ಮೂಲೆ ಸೇರುವುದು ತಪ್ಪುತ್ತದೆ.

ಆದರೂ ತಯಾರಕರಿಗೆ ಮೊದಲೇ ಗೊತ್ತಿರುವುದನ್ನು ಸಾವಿರಾರು ಜನ ಬೇರೆ ಬೇರೆಯಾಗಿ ಅಳೆದು ಕಂಡುಹಿಡಿಯಬೇಕಾದ ಸ್ಥಿತಿ ನ್ಯಾಯವಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿಗೆ ಚೌಕಟ್ಟು ರೂಪಿಸಲು ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ವಸ್ತುಗಳು, ವಾಹನಗಳು ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಅದರಲ್ಲಿ ಸೈಕಲ್ ಪ್ರತ್ಯೇಕವಾಗಿ ಕಾಣಿಸಿಕೊಳ್ಳಲಿಲ್ಲ. ರಿಪೇರಿಯಿಂದಲೇ ಬದುಕಿರುವ, ಬಡವರ ದುಡಿಮೆಗೆ ಆಧಾರವಾಗಿರುವ ವಾಹನಕ್ಕೆ ಅಲ್ಲಿ ಮೊದಲ ಸಾಲಿನಲ್ಲಿ ಜಾಗವಿರಬೇಕಿತ್ತು. ಕೇಳಬೇಕಾದದ್ದು ದೊಡ್ಡದೇನಲ್ಲ. ಶಿಫ್ಟರಿನ ಪೆಟ್ಟಿಗೆಯ ಮೇಲೆ ಪ್ರತಿ ಕ್ಲಿಕ್ಕಿನ ಎಳೆತ. ಡಿರೇಲರಿನ ಮೇಲೆ ಅನುಪಾತ, ಅತಿ ದೊಡ್ಡ ಹಲ್ಲುಚಕ್ರ ಮತ್ತು ಒಟ್ಟು ಸಾಮರ್ಥ್ಯ. ಕ್ಯಾಸೆಟ್ಟಿನ ಮೇಲೆ ಅಂತರ ಮತ್ತು ಹಬ್ಬಿನ ಮಾದರಿ. ಚೈನಿನ ಮೇಲೆ ಒಳ ಮತ್ತು ಹೊರ ಅಗಲ. ಟೈರಿನ ಬದಿಯಲ್ಲಿ ಅದರ ಅಳತೆಯನ್ನು ಅಚ್ಚೊತ್ತುವ ರೂಢಿ ಎಷ್ಟೋ ಕಾಲದಿಂದ ಇದೆ. ಅದರಿಂದ ಯಾವ ಟೈರ್ ಕಂಪನಿಯೂ ಮುಳುಗಿಲ್ಲ, ಯಾವ ಹೊಸ ಟೈರಿನ ಆವಿಷ್ಕಾರವೂ ನಿಂತಿಲ್ಲ. ಚೈನು ಓಡುವ ಪ್ರತಿ ಭಾಗಕ್ಕೂ ಅದೇ ನಿಯಮ ಅನ್ವಯಿಸಲಿ. ಒಂದು ಭಾಗ ಕೆಟ್ಟಾಗ ಒಂದನ್ನೇ ಬದಲಿಸುವ ಹಕ್ಕು ಸೈಕಲ್ಲಿನ ಬೆಲೆಯೊಳಗೇ ಸೇರಿದೆ. ದುಡ್ಡು ಕೊಟ್ಟು ಸೈಕಲ್ ಕೊಂಡವರು ಅದನ್ನು ಉಪಕಾರವೆಂದು ಬೇಡುವ ಅಗತ್ಯವಿಲ್ಲ, ಸಲ್ಲಬೇಕಾದದ್ದೆಂದು ಕೇಳಬೇಕು.